ದನಿ ಕೇಳಿದ ಡಾಕ್ಟರು

ಒಬ್ಬರಾದ ಮೇಲೊಬ್ಬರಂತೆ ಜನರೆಲ್ಲರ ತಲೆಯಲ್ಲೂ ದನಿಗಳು ಮಾತಾಡತೊಡಗಿದ್ದ ಕಾಲ. ಮೊದಲಿನಿಂದಲೂ ದನಿ ಕೇಳುತ್ತಿದ್ದ ಕಾಶವ್ವ ಈಗ ಹುಬ್ಬಳ್ಳಿಯಲ್ಲಿ ಅದರೊಡನೆ ಬಾಳುವುದನ್ನು ಕಲಿಸುತ್ತಿದ್ದಳು. ಒಂದು ಬೆಳಿಗ್ಗೆ ಅವಳ ಕ್ಲಾಸಿಗೆ ಡಾಕ್ಟರ್ ಹುನಗುಂದ ಬಂದರು. ಹಿಂದೆ ಅವಳನ್ನು ಹುಚ್ಚಿಯೆಂದು ಆಸ್ಪತ್ರೆಯಲ್ಲಿ ಕೂಡಿಹಾಕಿದ್ದವರು ಅವರೇ.

“ನಿನ್ನೆಯಿಂದ ನನಗೂ ಶುರು ಆಗ್ಯದ ಕಾಶವ್ವಾ. ನನ್ನ ಕೂಡಿಹಾಕಬ್ಯಾಡ,” ಎಂದರು.

“ಯಾಕ ಹಾಕ್ಲಿರಿ ಸಾಹೇಬ್ರ? ಏನಂತದ ಅದು?”

“ಕುಣಿ ಅಂತದ.”

“ಹಂಗಾರ ಕುಣೀರಿ!”

ಡಾಕ್ಟರು ಅಳುಕುತ್ತ ಒಂದು ಹೆಜ್ಜೆ ಹಾಕಿದರು. ಆಮೇಲೆ ಕೋಟು ಬಿಸಾಕಿ ಗಿರಗಿರನೆ ತಿರುಗಿದರು. ಕ್ಲಾಸಿನವರೆಲ್ಲ ಚಪ್ಪಾಳೆ ತಟ್ಟಿದರು. ಕಾಶವ್ವನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ಡಾಕ್ಟರು ಏದುಸಿರು ಬಿಡುತ್ತ ಕೇಳಿದರು, “ಆವಾಗ ಆಸ್ಪತ್ರ್ಯಾಗ ನಿನ್ನ ದನಿ ಏನಂತಿತ್ತವಾ? ನಾ ಕೇಳಲೇ ಇಲ್ಲ.”

“ಹಾಡತಿತ್ರೀ,” ಎಂದ ಕಾಶವ್ವ ಗಂಟಲು ಬಿಚ್ಚಿ ಹಾಡತೊಡಗಿದಳು. ಡಾಕ್ಟರು ಆ ಹಾಡಿಗೆ ಹೆಜ್ಜೆ ಹಾಕಿದರು.