ಹಸಿ ರಸ್ತೆಯ ಹೆಜ್ಜೆ

"ನಿಂದೇ ಕಾಲು ಕಣಯ್ಯಾ ಇದು!" ಆರು ವರ್ಷ ಕೆಸರು ತುಳಿದ ಮೇಲೆ ಬಡಾವಣೆಗೆ ಬಂದ ಮೊದಲ ಕಾಂಕ್ರೀಟ್ ರಸ್ತೆಯಲ್ಲಿ ಮೂಡಿ ಗಟ್ಟಿಯಾಗಿದ್ದ ಹೆಜ್ಜೆಯನ್ನು ತೋರಿಸಿ ಮೇಷ್ಟ್ರು ಇಸ್ತ್ರಿಯವನ ಮೇಲೆ ಹರಿಹಾಯ್ದರು. ಬರಿಗಾಲಲ್ಲಿ ಓಡಾಡುವವನು ಆ ಬೀದಿಗೆ ಅವನೊಬ್ಬನೇ.

ನಿನ್ನೆ ಹಸಿ ರಸ್ತೆ ಕಾಯುವ ಸರದಿ ಟೈಲರಮ್ಮನದು. ಗಾಳಿಗೆ ಹಾರಿದ ಗಿರಾಕಿಯ ಬಟ್ಟೆ ಹಿಡಿಯಲು ಚಪ್ಪಲಿ ಮೆಟ್ಟದೆ ಓಡಿ ಕಾಲಿಟ್ಟವಳು ಅವಳೇ. ಈಗ, "ಹೌದು ಮೇಷ್ಟ್ರೇ, ಇವ್ನೇ ಅಡ್ಡಾಡ್ತಿದ್ದ" ಎಂದು ಒಗ್ಗರಣೆ ಹಾಕಿದವಳೂ ಅವಳೇ.

ಇಸ್ತ್ರಿಯವನು ಬಗ್ಗಿ ನೋಡಿದ. ಹೆಜ್ಜೆಯಲ್ಲಿ ನಾಲ್ಕೇ ಬೆರಳು. ಅವನ ಕಣ್ಣು ನಿಧಾನವಾಗಿ ಟೈಲರಮ್ಮನ ಪಾದದತ್ತ ಹೊರಳಿತು. ಕಿರುಬೆರಳಿಲ್ಲದ ಎಡಗಾಲನ್ನು ಅವಳು ಬಲಗಾಲಿನ ಹಿಂದಕ್ಕೆ ಎಳೆದುಕೊಂಡಳು.

ಅವನು ತನ್ನ ಅಗಲವಾದ ಪಾದವನ್ನು ಆ ಹೆಜ್ಜೆಯ ಮೇಲಿಟ್ಟು ಪೂರ್ತಿ ಮುಚ್ಚಿದ.

"ನಂದೇ ಮೇಷ್ಟ್ರೇ. ತಪ್ಪಾಯ್ತು."