ಹಿರಿಯರಿಗೆ ಮೊದಲ ಆದ್ಯತೆ

ಸಂಗನಬಸುವಿಗೆ ಚುರುಕು ಇರಲಿಲ್ಲ. ನೂರಾಹತ್ತು ಕಿಲೋ ತೂಕವಿತ್ತು, ಪಟ್ಟುಗಳೆಲ್ಲ ಬರುತ್ತಿದ್ದವು. ಆದರೆ ಎದುರಾಳಿ ಕಾಲಿಗೆ ಕೈ ಹಾಕಿದ್ದು ತಿಳಿಯುವಷ್ಟರಲ್ಲಿ ಅವನ ಬೆನ್ನು ಮಣ್ಣಿಗೆ ತಾಗಿರುತ್ತಿತ್ತು. ಉಳಿದ ಪೈಲವಾನರೆಲ್ಲ ತಲೆಗೆ ರಿಯಲ್‌ಟೈಮ್ ಕರ್ನಲ್ ಎಂಬ, ಕ್ಷಣವೂ ತಡಮಾಡದೆ ಮೈ ಆಡಿಸುವ ತಂತ್ರಾಂಶ ಹಾಕಿಸಿಕೊಂಡಾಗಿತ್ತು. ಈ ಸಲ ಗೆದ್ದವರಿಗೆ ಬೆಳ್ಳಿ ಗದೆ ಕೊಡುವ ಕುಸ್ತಿಯಾದ್ದರಿಂದ ಗರಡಿಯ ಗುರು, ವಸ್ತಾದ ಹುಸೇನಸಾಬರೂ ಲ್ಯಾಪ್‌ಟಾಪ್ ಹಿಡಿದು ಕೂತರು. ಸಂಗನಬಸುವಿನ ಕಿವಿಯ ಹಿಂದೆ ವೈರು ಸಿಕ್ಕಿಸಿದರು.

ಉಳಿದದ್ದೆಲ್ಲ ನಿಲ್ಲಿಸಿ ಮೊದಲು ನಡೆಯಬೇಕಾದ ಕೆಲಸ ಯಾವುದೆಂದು ಪರದೆ ಕೇಳಿತು. ‘ಹಿರಿಯರು ಕಂಡರೆ ಕಾಲಿಗೆ ಬೀಳುವುದು’ ಎಂದು ವಸ್ತಾದರು ಬರೆದರು.

“ವಸ್ತಾದ್ರ, ಪಟ್ಟು ಮೊದಲ ಹಾಕ್ರಿ.”

“ಸುಮ್ನ ಕುಂದ್ರಲೇ. ಗರಡಿಯೊಳಗ ಮರ್ಯಾದಿ ಮೊದಲ, ಪಟ್ಟು ಆಮ್ಯಾಲ.”

ಮೂರು ತಾಸಿಗೆ ಕಂಪೈಲ್ ಮುಗಿದು ಕರ್ನಲ್ ತಲೆಗೆ ಇಳಿಯಿತು.

ಕುಸ್ತಿಯ ದಿನ ಎದುರಾಳಿಯ ಕೈ ಅಲುಗುವ ಮೊದಲೇ ಸಂಗನಬಸು ಅದನ್ನು ತಡೆಯುತ್ತಿದ್ದ. ಆದರೆ ಎದುರಾಳಿಯ ಮಾವ ಚಂದಪ್ಪನಿಗೆ ಕರ್ನಲ್ಲಿನ ಮೊದಲ ಕೆಲಸದ ಸುದ್ದಿ ಸಿಕ್ಕಿತ್ತು. ಅವನು ಚಹಾ ಅಂಗಡಿಯಿಂದ ನಾಲ್ವರು ಮುದುಕರನ್ನು ಕರೆತಂದ.

“ಒಬ್ಬೊಬ್ರ ಬರ್ರಿ ಯಜಮಾನ್ರ, ಅವಸರ ಮಾಡಬ್ಯಾಡ್ರಿ.”

ಮೊದಲ ಮುದುಕ ಅಖಾಡದ ಅಂಚಿಗೆ ಬಂದ. ಸಂಗನಬಸು ಎದುರಾಳಿಯ ಕುತ್ತಿಗೆ ಬಿಟ್ಟು ಓಡಿಹೋಗಿ ಕಾಲಿಗೆ ಬಿದ್ದ.

“ಗೆದ್ದು ಬಾ ತಮ್ಮಾ,” ಎಂದ ಮುದುಕ, ಪಾಪ, ಮನಸಾರೆ.

ನಾಲ್ವರ ಕಾಲಿಗೂ ಬಿದ್ದು ಎದ್ದರೂ ಸಂಗನಬಸು ಎದುರಾಳಿಯ ಕೈಗೆ ಸಿಗಲಿಲ್ಲ, ಚುರುಕು ಅಷ್ಟಿತ್ತು. ಜನರ ಹಿಂದೆ ಮರೆಯಲ್ಲಿ ನಿಂತಿದ್ದ ವಸ್ತಾದರಿಗೆ ತಡೆಯಲಾಗಲಿಲ್ಲ. “ಯಾರ ಕಾಲಿಗೂ ಬೀಳಬ್ಯಾಡಲೇ!” ಎಂದು ಕೂಗುತ್ತ ತಾವೇ ಅಖಾಡಕ್ಕೆ ನುಗ್ಗಿದರು.

ಸಂಗನಬಸು ದೊಪ್ಪನೆ ಅವರ ಕಾಲಿನ ಮೇಲೇ ಬಿದ್ದ. ಎದುರಾಳಿ ಹಿಂದಿನಿಂದ ಬಂದು ಅವನನ್ನು ಅಂಗಾತ ಮಗುಚಿದ.

ಹೋದದ್ದು ಒಂದು ಕುಸ್ತಿ, ಒಂದು ಬೆಳ್ಳಿ ಗದೆ, ವಸ್ತಾದರ ಬಲಗಾಲಿನ ಎರಡು ಉಗುರು.