ಬಿ ಸೆಕ್ಷನ್ನಿನ ಉಪ್ಪು

ಡಸ್ಟರ್ ಕೈಗೆತ್ತಿಕೊಂಡಾಗ ನೋಟ್ಸ್ ಮಿಸ್ಸಿಗೆ ಒಂದಿಷ್ಟೂ ಅಳುಕಿರಲಿಲ್ಲ. ಊಟದ ಬಿಡುವು, ಬಿ ಸೆಕ್ಷನ್ ಖಾಲಿ. ಬೋರ್ಡಿನ ನಟ್ಟನಡುವೆ ಒಂದು ವೃತ್ತ, ಅದರೊಳಗೆ 'ಉಪ್ಪು' ಎಂಬ ಮಾತು. ಅಲ್ಲಿಂದ ಬಣ್ಣಬಣ್ಣದ ಗೆರೆಗಳು ದಿಕ್ಕುದಿಕ್ಕಿಗೆ ಹೊರಟಿದ್ದವು: ಸಮುದ್ರ, ಬೆವರು, ಕಣ್ಣೀರು, ತೆರಿಗೆ, ಹಡಗಿನ ತುಕ್ಕು, ಗಾಯದ ಉರಿ. ಒಂದೊಂದೂ ಒಂದೊಂದು ಮಗುವಿನ ಕೈಬರಹ. ಈ ಸೊಟ್ಟ ಗೆರೆಗಳಿಗೆ ಮೈಂಡ್ ಮ್ಯಾಪ್ ಅಂತ ಹೆಸರು ಬೇರೆ ಕೇಡು!

ತಪಾಸಣೆಗೆ ಬಂದ ಅಧಿಕಾರಿಗಳನ್ನು ಹೆಡ್‌ಮಿಸ್ ಯಾವಾಗಲೂ ನೆಟ್ಟಗೆ ಕರೆತರುತ್ತಿದ್ದುದು ಎ ಸೆಕ್ಷನ್ನಿಗೆ, ಅಂದರೆ ನೋಟ್ಸ್ ಮಿಸ್ಸಿನ ತರಗತಿಗೆ. ಅವರು ನೋಟ್ಸಿನಲ್ಲಿ ಬರೆಸಿದ ಉತ್ತರವನ್ನು ಮಕ್ಕಳು ಒಂದಕ್ಷರ ಆಚೀಚೆ ಆಗದಂತೆ ಒಪ್ಪಿಸುತ್ತಿದ್ದರು. ಇವತ್ತು ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ, ಎಲ್ಲರೆದುರೇ, ಹೆಡ್‌ಮಿಸ್ ಅಂದುಬಿಟ್ಟರು: "ಮಧ್ಯಾಹ್ನ ಸಾಹೇಬ್ರು ಬರ್ತಾರೆ, ಈ ಸಲ ಬಿ ಸೆಕ್ಷನ್ ತೋರ್ಸೋಣ. ಹೊಸ ಮೇಷ್ಟ್ರು ಏನೋ ಚೆನ್ನಾಗಿ ಮಾಡ್ತಿದಾರಂತೆ."

ನೋಟ್ಸ್ ಮಿಸ್ಸಿನ ಹೊಟ್ಟೆ ಧಗಧಗ ಉರಿದುಹೋಯಿತು. ನಿನ್ನೆ ಮೊನ್ನೆ ಬಂದವನು, ಹಾಜರಿ ಕೂಗಲೂ ನೆಟ್ಟಗೆ ಬರದವನು, ಅವನಿಗೆ ಈ ಮರ್ಯಾದೆಯೇ? ಆ ಉರಿಯಲ್ಲೇ ಬೋರ್ಡನ್ನು ಮೇಲಿನಿಂದ ಕೆಳಗೆ ಉಜ್ಜಿ ಉಜ್ಜಿ ಒರೆಸಿದರು.

ಗಂಟೆ ಹೊಡೆಯಿತು. ಮಕ್ಕಳ ಹಿಂದೆಯೇ ಹೊಸ ಮೇಷ್ಟ್ರು, ಅವರ ಹಿಂದೆ ಹೆಡ್‌ಮಿಸ್ ಮತ್ತು ಅಧಿಕಾರಿ ಒಳಗೆ ಬಂದರು. ಬೋರ್ಡ್ ನೋಡಿದ್ದೇ ಮೇಷ್ಟ್ರ ಮುಖ ಬಿಳಿಚಿತು.

"ಒರೆಸಿಬಿಟ್ಟೆ ಕಣಪ್ಪಾ," ಎಂದರು ನೋಟ್ಸ್ ಮಿಸ್, ಜೇನು ಸುರಿಯುವ ದನಿಯಲ್ಲಿ. "ಸಾಹೇಬ್ರು ಬರ್ತಾರಲ್ಲ, ನೀಟಾಗಿರ್ಲಿ ಅಂತ."

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. "ಸಾರ್, ಕಣ್ಣೀರು ನಂದು. ಮತ್ತೆ ಬರೀಲಾ?"

"ಬೆವರು ನಂದು ಸಾರ್!" "ತುಕ್ಕು ನಂದು!" ನೂಕುನುಗ್ಗಲೇ ಶುರುವಾಯಿತು. ನೋಡನೋಡುತ್ತಿದ್ದಂತೆ ಬೋರ್ಡ್ ತುಂಬಿತು. ಮೊದಲಿಗಿಂತ ಹೆಚ್ಚೇ ತುಂಬಿತು. ಕಣ್ಣೀರಿನಿಂದ ಇನ್ನೊಂದು ಗೆರೆ ಎಳೆದು ಒಬ್ಬಳು 'ಈರುಳ್ಳಿ' ಎಂದು ಬರೆದಳು. "ಈರುಳ್ಳಿ ಉಪ್ಪಿರಲ್ಲ. ಆದ್ರೆ ಅದನ್ನ ಹೆಚ್ಚಿದ್ರೆ ಬರೋ ಕಣ್ಣೀರು ಉಪ್ಪು. ಎಲ್ಲಿಂದ ಬಂತು ಸಾರ್?"

"ಹೌದಲ್ಲ, ಎಲ್ಲಿಂದ ಬಂತು?" ಎಂದು ಅಧಿಕಾರಿ ನಗುತ್ತಾ ಮಕ್ಕಳ ಬೆಂಚಿನಲ್ಲೇ ಜಾಗ ಮಾಡಿಕೊಂಡು ಕೂತರು. ಹೆಡ್‌ಮಿಸ್ ಕೂಡ ಕೂತರು. ನೋಟ್ಸ್ ಮಿಸ್ ಅಲ್ಲಿದ್ದಾರೆಂಬುದೇ ಯಾರಿಗೂ ನೆನಪಿರಲಿಲ್ಲ.

ಅವರು ದಡದಡ ತಮ್ಮ ತರಗತಿಗೆ ನಡೆದರು. ಇದೇನು ಬ್ರಹ್ಮವಿದ್ಯೆಯೇ? ಒಂದು ವೃತ್ತ, ನಾಲ್ಕು ಗೆರೆ! ತಮ್ಮ ಮಕ್ಕಳೇನು ಕಡಿಮೆಯೇ? ಪ್ರತಿ ವರ್ಷ ಪರೀಕ್ಷೆಯಲ್ಲಿ ಶಾಲೆಗೇ ಮೊದಲು ಬರುವವರೆಲ್ಲ ಇಲ್ಲಿಯವರೇ. ಸಾಹೇಬರು ಇತ್ತ ಬರಲಿ, ತೋರಿಸಿಕೊಡುತ್ತೇನೆ. ಬೋರ್ಡಿನ ಮೇಲೆ ಅವನಿಗಿಂತ ದೊಡ್ಡ ವೃತ್ತ ಬರೆದು, ಒಳಗೆ 'ಉಪ್ಪು' ಎಂದು ದಪ್ಪಕ್ಷರದಲ್ಲಿ ತುಂಬಿ, ಸೀಮೆಸುಣ್ಣವನ್ನು ಮಕ್ಕಳತ್ತ ಚಾಚಿದರು.

"ಉಪ್ಪು ಅಂದ ತಕ್ಷಣ ನಿಮಗೇನು ಅನ್ಸತ್ತೆ? ಬನ್ನಿ, ಒಬ್ಬೊಬ್ಬರೇ ಬಂದು ಬರೀರಿ."

ಯಾರೂ ಏಳಲಿಲ್ಲ. "ಬನ್ರೋ, ಹೆದರ್ಬೇಡಿ," ಎಂದರು. ಚಾಚಿದ ಕೈ ನೋಯತೊಡಗಿತು. ಪಕ್ಕದ ಕೋಣೆಯಿಂದ ಅಧಿಕಾರಿಯ ನಗು ಮತ್ತೆ ಕೇಳಿಸಿತು. ಆಮೇಲೆ ಇಡೀ ತರಗತಿ ಸರಸರನೆ ಪುಸ್ತಕ ಬಿಚ್ಚಿ, ಮಾರ್ಜಿನ್ ಎಳೆದು, ತಲೆ ಬಗ್ಗಿಸಿ ಕಾಯತೊಡಗಿತು.

ಮೊದಲ ಬೆಂಚಿನಲ್ಲಿ ಅವರ ಅತಿ ಜಾಣ ಶಿಷ್ಯೆ ಮಾತ್ರ ತಲೆ ಎತ್ತಿದಳು.

"ಹೇಳಿ ಮಿಸ್, ನಮಗೇನು ಅನ್ಸತ್ತೆ? ಬರ್ಕೋತೀವಿ."